ಕೀಮೊ ಜಿಲ್ಲೆಗೆ ಬಂತು, ಕರುಳಿನ ಆಪರೇಷನ್‌ಗೆ ಬೆಂಗಳೂರೇ ಗತಿಯಾ?

2025ರಲ್ಲಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೊಥೆರಪಿ ಕೇಂದ್ರಗಳನ್ನು ತೆರೆಯಿತು. ಮೊದಲ ಹಂತದಲ್ಲಿ 16 ಜಿಲ್ಲೆಗಳು. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲೂ, ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ ತೆರೆಯುತ್ತೇವೆ, 2025-26ರಲ್ಲೇ 200 ಆಗುತ್ತವೆ ಎಂಬ ಘೋಷಣೆ ಬಂತು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಮೂರು ವಾರಕ್ಕೊಂದು ಡ್ರಿಪ್ ಹಾಕಿಸಿಕೊಳ್ಳಲು ರಾಯಚೂರಿನಿಂದ ರಾತ್ರಿ ರೈಲು ಹತ್ತಿ, ಬೆಂಗಳೂರಿನಲ್ಲಿ ಆಸ್ಪತ್ರೆ ಹೊರಗೆ ಟವೆಲ್ ಹಾಸಿ ಮಲಗಿ, ಮರುದಿನ ವಾಂತಿ ಮಾಡಿಕೊಳ್ಳುತ್ತಲೇ ಊರಿಗೆ ಮರಳುವವರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದವರ ಮಟ್ಟಿಗೆ ಈ ವ್ಯವಸ್ಥೆ ಕಡೆಯ ಮೆಟ್ಟಿಲಿನಿಂದ ಶುರುವಾಗಿದೆ. ಈ ಕಾಯಿಲೆಗೆ ಮೂಲ ಚಿಕಿತ್ಸೆ ಆಪರೇಷನ್. ಗಡ್ಡೆ ಇರುವ ಕರುಳಿನ ಭಾಗವನ್ನು, ಅದಕ್ಕೆ ರಕ್ತ ಕೊಡುವ ನಾಳ ಮತ್ತು ಸುತ್ತಲಿನ ದುಗ್ಧ ಗ್ರಂಥಿಗಳ ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಬೇಕು. ಮೊದಲ ಹಂತದಲ್ಲೇ ಸಿಕ್ಕರೆ ಅಷ್ಟೇ ಸಾಕು, ಕೀಮೊ ಬೇಕಾಗುವುದೇ ಇಲ್ಲ. ಮೂರನೇ ಹಂತದಲ್ಲೂ ಬಹುತೇಕರಿಗೆ ಮೊದಲು ಆಪರೇಷನ್, ಆಮೇಲೆ ಕೀಮೊ. ಜಿಲ್ಲೆಯಲ್ಲಿ ಡ್ರಿಪ್ ಸಿಗುತ್ತದೆ, ಸರಿ. ಡ್ರಿಪ್ ಹಾಕುವ ಹಂತಕ್ಕೆ ರೋಗಿ ಯಾವ ಸ್ಥಿತಿಯಲ್ಲಿ ಬರುತ್ತಾರೆ? ಅದನ್ನು ಯಾರೂ ಕೇಳುತ್ತಿಲ್ಲ.

ನಾನು ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಸರ್ಜರಿ ವಾರ್ಡುಗಳಲ್ಲಿ ಕೆಲಸ ಮಾಡಿದವನು. ಅಲ್ಲಿಗೆ ಕರುಳಿನ ಕ್ಯಾನ್ಸರ್ ಹೇಗೆ ಬರುತ್ತದೆ ಅಂದರೆ, ರಾತ್ರಿ ಹನ್ನೊಂದು ಗಂಟೆಗೆ, ಹೊಟ್ಟೆ ತಮಟೆಯ ಹಾಗೆ ಉಬ್ಬಿಸಿಕೊಂಡು, ನಾಲ್ಕು ದಿನದಿಂದ ಮಲ ಇಲ್ಲ, ಗ್ಯಾಸೂ ಇಲ್ಲ ಅಂತ. ಕರುಳಿನ ಎಡಭಾಗದ ಗಡ್ಡೆ ದಾರಿ ಮುಚ್ಚಿರುತ್ತದೆ. ಆರು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು, ಊರಲ್ಲಿ ಮೂಲವ್ಯಾಧಿ ಅಂತ ಔಷಧಿ ಕೊಟ್ಟಿರುತ್ತಾರೆ. ಬಲಭಾಗದ ಗಡ್ಡೆ ಇನ್ನೂ ಕಳ್ಳ. ರಕ್ತ ಕಣ್ಣಿಗೆ ಕಾಣಿಸದಷ್ಟು ಸೋರುತ್ತದೆ, ಹಿಮೋಗ್ಲೋಬಿನ್ ಏಳಕ್ಕೆ ಇಳಿಯುತ್ತದೆ, ರೋಗಿಗೆ ಸುಸ್ತು. ಅರವತ್ತು ದಾಟಿದ ಗಂಡಸಿಗೆ ಕಾರಣವಿಲ್ಲದೆ ರಕ್ತಹೀನತೆ ಬಂದರೆ ಮೊದಲು ಕರುಳನ್ನು ನೋಡಬೇಕು ಎನ್ನುವುದು ಎಂಬಿಬಿಎಸ್ ಪಾಠ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಕಬ್ಬಿಣದ ಮಾತ್ರೆ. ಅಲ್ಲಿನ ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಮಾತ್ರೆ ಅವರ ಕೈಯಲ್ಲಿದೆ, ಕೊಲೊನೋಸ್ಕೋಪಿ ಇಲ್ಲ. ಎಲ್ಲಿಗೆ, ಯಾವ ದಿನ, ಯಾರ ಹತ್ತಿರ ಕಳಿಸಬೇಕು ಅನ್ನೋದಕ್ಕೆ ಲಿಖಿತ ದಾರಿಯೂ ಇಲ್ಲ.

ರಾತ್ರಿ ಬಂದ ಆ ರೋಗಿಗೆ ಡ್ಯೂಟಿಯಲ್ಲಿರುವ ಪಿಜಿ ವಿದ್ಯಾರ್ಥಿ ಮತ್ತು ಅಸಿಸ್ಟೆಂಟ್ ಪ್ರೊಫೆಸರ್ ಸೇರಿ ಆಪರೇಷನ್ ಮಾಡುತ್ತಾರೆ. ಜೀವ ಉಳಿಸುವುದು ಆಗಿನ ಗುರಿ. ಊದಿಕೊಂಡ ಕರುಳನ್ನು ಸೇರಿಸುವ ಧೈರ್ಯ ಮಾಡುವಂತಿಲ್ಲ, ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುತ್ತಾರೆ. ಗ್ರಂಥಿಗಳನ್ನು ಬುಡದವರೆಗೆ ಬಿಡಿಸಿ ತೆಗೆಯಲು ರೋಗಿಯ ಬಿಪಿ ಬಿಡುವುದಿಲ್ಲ. ಒಂದೇ ಕಾಯಿಲೆಗೆ ಹಗಲಿನಲ್ಲಿ ತಯಾರಿ ಮಾಡಿಕೊಂಡು ಮಾಡುವ ಆಪರೇಷನ್ನಿಗೂ ತುರ್ತಾಗಿ ಮಾಡುವ ಆಪರೇಷನ್ನಿಗೂ ಸಾವಿನ ಪ್ರಮಾಣದಲ್ಲಿ ಹಲವು ಪಟ್ಟು ವ್ಯತ್ಯಾಸವಿದೆ. ಇದು ಎಲ್ಲ ದೇಶಗಳ ಅನುಭವ. ಇಂಗ್ಲೆಂಡ್‌ನಂಥ ಕಡೆಯೂ ಹೆಚ್ಚೂಕಡಿಮೆ ಐದರಲ್ಲಿ ಒಬ್ಬರು ತುರ್ತು ವಿಭಾಗದ ಬಾಗಿಲಿನಿಂದಲೇ ಬರುತ್ತಾರೆ. ಆದರೆ ಅವರು ಅದನ್ನು ಎಣಿಸುತ್ತಾರೆ. ಕರುಳಿನ ಕ್ಯಾನ್ಸರ್ ಆಪರೇಷನ್ ಆದ 90 ದಿನದೊಳಗೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಜನ ಸತ್ತರು ಅಂತ ಆಸ್ಪತ್ರೆಯ ಹೆಸರು ಹಾಕಿ ಪ್ರಕಟಿಸುತ್ತಾರೆ.

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ‘ಹೈಯರ್ ಸೆಂಟರ್‌ಗೆ ರೆಫರ್’. ಅಂದರೆ ಬೆಂಗಳೂರು. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಇಡೀ ರಾಜ್ಯದ ಭಾರ ಹೊತ್ತಿದೆ. ಪಕ್ಕದ ರಾಜ್ಯಗಳವರೂ ಬರುತ್ತಾರೆ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹಾಗಾಗಿ ಬೀದರಿನವರು ಹೈದರಾಬಾದಿಗೆ ಹೋಗುತ್ತಾರೆ, ಬೆಳಗಾವಿಯವರು ಮಿರಜಿಗೆ, ವಿಜಯಪುರದವರು ಸೊಲ್ಲಾಪುರಕ್ಕೆ. ರೆಫರ್ ಮಾಡಿದ ವೈದ್ಯರಿಗೆ ರೋಗಿ ಎಲ್ಲಿ ಹೋದರು, ಆಪರೇಷನ್ ಆಯ್ತಾ, ಬದುಕಿದರಾ ಅನ್ನೋದು ಕೊನೆಗೂ ತಿಳಿಯುವುದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ, ತುರ್ತು ಪ್ರಕರಣ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಚೀಟಿಗೆ ಹೋಗುವ ದಾರಿ ಇದೆ, ವಾಪಸ್ ಬರುವ ದಾರಿ ಇಲ್ಲ.

ಇಲ್ಲಿ ಒಂದು ವಾದವನ್ನು ಎದುರಿಸಲೇಬೇಕು. ಕ್ಯಾನ್ಸರ್ ಆಪರೇಷನ್ ಹೆಚ್ಚು ಮಾಡುವ ಆಸ್ಪತ್ರೆಯಲ್ಲೇ ಆಗಬೇಕು, ಎಲ್ಲೆಂದರಲ್ಲಿ ಅಲ್ಲ ಎಂದು ತಜ್ಞರು ಹೇಳುತ್ತಾರಲ್ಲ? ಹೌದು, ಹೇಳುತ್ತಾರೆ. ಜರ್ಮನಿಯಲ್ಲಿ ‘ಕರುಳಿನ ಕ್ಯಾನ್ಸರ್ ಕೇಂದ್ರ’ ಎಂಬ ಪ್ರಮಾಣಪತ್ರ ಬೇಕಾದರೆ ವರ್ಷಕ್ಕೆ ಕನಿಷ್ಠ 30 ದೊಡ್ಡ ಕರುಳಿನ ಮತ್ತು 20 ಗುದನಾಳದ ಕ್ಯಾನ್ಸರ್ ಆಪರೇಷನ್ ಮಾಡಿರಬೇಕು. ಆದರೆ ಆ ಅಂಕಿಯನ್ನು ಇನ್ನೊಮ್ಮೆ ನೋಡಿ. ವರ್ಷಕ್ಕೆ 30, ಅಂದರೆ ಹದಿನೈದು ದಿನಕ್ಕೆ ಒಂದಕ್ಕಿಂತ ತುಸು ಜಾಸ್ತಿ. ನಾಲ್ಕೈದು ಯೂನಿಟ್‌ಗಳಲ್ಲಿ ಹಂಚಿಹೋಗುವ ರೋಗಿಗಳನ್ನು ಒಂದೇ ತಂಡಕ್ಕೆ ಕೊಟ್ಟರೆ, ಸುತ್ತಲಿನ ಎರಡು ಮೂರು ಜಿಲ್ಲೆಗಳನ್ನು ನೋಡಿಕೊಳ್ಳುವ ನಮ್ಮ ದೊಡ್ಡ ವೈದ್ಯಕೀಯ ಕಾಲೇಜುಗಳಿಗೆ ಇದು ಎಟುಕದ ಸಂಖ್ಯೆಯಲ್ಲ. ಇನ್ನೊಂದು ವಿಷಯ. 2002ರಲ್ಲಿ ಅಮೆರಿಕದ ಬರ್ಕ್‌ಮೇಯರ್ ಮತ್ತು ಸಂಗಡಿಗರು ಆಸ್ಪತ್ರೆಗಳಲ್ಲಿ ಆಗುವ ಆಪರೇಷನ್‌ಗಳ ಸಂಖ್ಯೆಗೂ ಸಾವಿಗೂ ಇರುವ ನಂಟನ್ನು ಅಳೆದರು. ಮೇದೋಜ್ಜೀರಕ ಗ್ರಂಥಿಯ ಆಪರೇಷನ್‌ನಲ್ಲಿ ಅಂತರ ಭಾರೀ ಇತ್ತು, ಅನ್ನನಾಳದಲ್ಲೂ ಅಷ್ಟೇ. ದೊಡ್ಡ ಕರುಳಿನಲ್ಲಿ ಅಂತರ ಚಿಕ್ಕದು.

ಹೀಗಾಗಿ ನನ್ನ ನಿಲುವು ಇಷ್ಟು. ತಾಲ್ಲೂಕು ಆಸ್ಪತ್ರೆಯಲ್ಲಿ ಬೇಡವೇ ಬೇಡ. ಗುದನಾಳದ ಕ್ಯಾನ್ಸರ್ ಬೇರೆ ಕಥೆ. ಅದಕ್ಕೆ ಎಂಆರ್‌ಐ ಬೇಕು, ಆಪರೇಷನ್‌ಗೆ ಮುಂಚೆ ರೇಡಿಯೇಷನ್ ಬೇಕಾಗಬಹುದು, ಕಿರಿದಾದ ಸೊಂಟದ ಗೂಡಿನಲ್ಲಿ ನರಗಳನ್ನು ಉಳಿಸಿ ಬಿಡಿಸುವ ಕೈ ಬೇಕು. ಅದು ಕಿದ್ವಾಯಿಗೋ, ಅಂಥ ಸೌಲಭ್ಯ ಇರುವ ಇನ್ನೊಂದು ಕಡೆಗೋ ಹೋಗಲಿ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್‌ಗೆ ಇಪ್ಪತ್ತಕ್ಕೂ ಹೆಚ್ಚಿರುವ ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ ಸರಿಯಾದ ಜಾಗ. ಸರ್ಜನ್ ಇದ್ದಾರೆ. ಅನಸ್ತೇಶಿಯಾ, ಪೆಥಾಲಜಿ, ರೇಡಿಯಾಲಜಿ ವಿಭಾಗ ಇವೆ. ಬ್ಲಡ್ ಬ್ಯಾಂಕ್ ಇದೆ. ಇಲ್ಲದಿರುವುದು ಇವನ್ನೆಲ್ಲ ಒಂದು ದಾರಕ್ಕೆ ಪೋಣಿಸುವ ಏರ್ಪಾಡು.

ಏರ್ಪಾಡು ಎಂಬುದು ಒಣ ಆಡಳಿತದ ಮಾತಲ್ಲ, ಅದರಿಂದ ಜೀವ ಉಳಿಯುತ್ತದೆ. ಇದಕ್ಕೆ ಉತ್ತರ ಯುರೋಪಿನಲ್ಲಿ ಒಂದು ಸ್ವಾರಸ್ಯದ ಸಾಕ್ಷಿ ಇದೆ. ಒಂದು ಕಾಲಕ್ಕೆ ಎಲ್ಲ ಕಡೆ ಗುದನಾಳದ ಕ್ಯಾನ್ಸರ್ ಬಂದವರು ದೊಡ್ಡ ಕರುಳಿನ ಕ್ಯಾನ್ಸರ್ ಬಂದವರಿಗಿಂತ ಬೇಗ ಸಾಯುತ್ತಿದ್ದರು. 1980ರ ದಶಕದಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಸರ್ಜನ್ ಬಿಲ್ ಹೀಲ್ಡ್, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆ ಹರಿಯದಂತೆ ಇಡಿಯಾಗಿ ತೆಗೆಯುವ ವಿಧಾನವನ್ನು ಮುಂದಿಟ್ಟರು. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ದೇಶಗಳು ಅದನ್ನು ತಮ್ಮ ಸರ್ಜನ್‌ಗಳಿಗೆ ಕಲಿಸಿದವು, ಆಪರೇಷನ್ ಮಾಡುವ ಆಸ್ಪತ್ರೆಗಳ ಸಂಖ್ಯೆ ಇಳಿಸಿದವು, ಪ್ರತಿ ರೋಗಿಯ ಲೆಕ್ಕ ಬರೆದಿಟ್ಟವು. ಕೆಲವೇ ವರ್ಷಗಳಲ್ಲಿ ಗುದನಾಳದ ಫಲಿತಾಂಶ ದೊಡ್ಡ ಕರುಳಿನದನ್ನು ಹಿಡಿಯಿತು, ಕೆಲವೆಡೆ ಮೀರಿತು. ಸುಲಭ ಎಂದುಕೊಂಡಿದ್ದ ದೊಡ್ಡ ಕರುಳು ಹಿಂದೆ ಬಿತ್ತು! ಯಾಕೆಂದರೆ ‘ಅದು ಯಾರು ಬೇಕಾದರೂ ಮಾಡುವ ಆಪರೇಷನ್’ ಅಂತ ಅದನ್ನು ಯಾರೂ ಸಂಘಟಿಸಿರಲಿಲ್ಲ. ನಮ್ಮಲ್ಲಿ ಇವತ್ತಿಗೂ ಅದೇ ಧೋರಣೆ. ಸೋಮವಾರ ಓಪಿಡಿಗೆ ಬಂದರೆ ಸೋಮವಾರದ ಯೂನಿಟ್ ಮಾಡುತ್ತದೆ, ಗುರುವಾರ ಬಂದರೆ ಗುರುವಾರದ್ದು. ಕ್ಯಾನ್ಸರ್ ಯಾವ ವಾರ ಬಂತು ಎನ್ನುವುದರ ಮೇಲೆ ಸರ್ಜನ್ ನಿರ್ಧಾರ.

ಆಪರೇಷನ್ ಟೇಬಲ್ ಮೇಲೆ ಆಗುವುದಕ್ಕಿಂತ ಆಮೇಲೆ ವಾರ್ಡಿನಲ್ಲಿ ಆಗುವುದರ ಬಗ್ಗೆ ನನಗೆ ಹೆಚ್ಚು ಚಿಂತೆ. ಸೇರಿಸಿದ ಕರುಳು ಕೆಲವರಲ್ಲಿ ಸೋರುತ್ತದೆ. ಎಂಥ ನುರಿತ ಕೈಗೂ ಇದು ತಪ್ಪಿದ್ದಲ್ಲ. ಸೋರಿಕೆ ಸಾಮಾನ್ಯವಾಗಿ ಆಪರೇಷನ್ ಆದ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಅದೂ ದೊಡ್ಡ ಸದ್ದು ಮಾಡದೆ: ನಾಡಿ ಸ್ವಲ್ಪ ಜೋರು, ಸಣ್ಣ ಜ್ವರ, ಉಸಿರು ವೇಗ, ‘ಯಾಕೋ ಸಮಾಧಾನ ಇಲ್ಲ ಸರ್’ ಅನ್ನುವ ರೋಗಿ. ರಾತ್ರಿ ಎರಡು ಗಂಟೆಗೆ ಸಿಸ್ಟರ್ ‘ಪಲ್ಸ್ 120 ಇದೆ’ ಅಂತ ಫೋನ್ ಮಾಡುತ್ತಾರೆ. ಡ್ಯೂಟಿ ಡಾಕ್ಟರ್ ಕ್ಯಾಶುವಾಲಿಟಿಯಲ್ಲಿ ಬೈಕ್ ಅಪಘಾತದವರಿಗೆ ಹೊಲಿಗೆ ಹಾಕುತ್ತಿರುತ್ತಾರೆ. ಒಬ್ಬ ಸಿಸ್ಟರ್‌ಗೆ ಇಡೀ ವಾರ್ಡು. ಬೆಳಗ್ಗೆ ರೌಂಡ್ಸ್ ಹೊತ್ತಿಗೆ ರೋಗಿ ಕೈತಪ್ಪಿರುತ್ತಾರೆ. ಆ ಸಿಸ್ಟರ್ ಫೋನ್ ಮಾಡಿದ್ದೇ ದೊಡ್ಡದು. ಎಷ್ಟೋ ರಾತ್ರಿ ಪಲ್ಸ್ ನೋಡುವುದಕ್ಕೂ ಆಕೆಗೆ ಪುರಸೊತ್ತು ಇರುವುದಿಲ್ಲ.

2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಗ್ಲೋಬಲ್‌ಸರ್ಜ್ ಅಧ್ಯಯನ ಇದನ್ನೇ ಅಂಕಿಯಲ್ಲಿ ಹೇಳಿತು. 82 ದೇಶ, 428 ಆಸ್ಪತ್ರೆ, ಸ್ತನ, ಕರುಳು ಮತ್ತು ಜಠರದ ಕ್ಯಾನ್ಸರ್ ಆಪರೇಷನ್ ಆದ ಸುಮಾರು 16 ಸಾವಿರ ರೋಗಿಗಳು. ಬಡ ದೇಶಗಳಲ್ಲಿ ಆಪರೇಷನ್ ನಂತರದ ಸಾವು ಜಾಸ್ತಿ. ಆದರೆ ಅದಕ್ಕೆ ಮುಖ್ಯ ಕಾರಣ ತೊಡಕುಗಳ ಸಂಖ್ಯೆಯಲ್ಲ, ತೊಡಕಾದವರನ್ನು ಉಳಿಸಿಕೊಳ್ಳಲು ಆಗದಿರುವುದು. ಆಪರೇಷನ್ ನಂತರದ ನಿಗಾಕ್ಕೆ ಸರಿಯಾದ ವ್ಯವಸ್ಥೆ ಇದ್ದ ಆಸ್ಪತ್ರೆಗಳಲ್ಲಿ, ದೊಡ್ಡ ತೊಡಕಾದ ಪ್ರತಿ 100 ರೋಗಿಗಳಲ್ಲಿ 7ರಿಂದ 10 ಸಾವು ಕಡಿಮೆ. ನಾಲ್ಕು ಹಾಸಿಗೆಯ ನಿಗಾ ಘಟಕ, ರಾತ್ರಿಗೆ ಇಬ್ಬರು ನರ್ಸ್, ಎಷ್ಟು ಪಲ್ಸ್ ಬಂದರೆ ಯಾರನ್ನು ಎಬ್ಬಿಸಬೇಕು ಅಂತ ಗೋಡೆಗೆ ಅಂಟಿಸಿದ ಒಂದು ಹಾಳೆ, ರಾತ್ರಿಯೂ ತೆರೆದಿರುವ ಸಿಟಿ ಸ್ಕ್ಯಾನ್. ಕೋಟಿಗಟ್ಟಲೆ ರೋಬೋಟಿಕ್ ಯಂತ್ರ ತರುವ ಸುದ್ದಿಗೆ ಫೋಟೋ ಬರುತ್ತದೆ. ಇಬ್ಬರು ನರ್ಸ್‌ಗಳ ನೇಮಕಕ್ಕೆ ಬರುವುದಿಲ್ಲ, ಬಹುಶಃ ಅದೇ ತೊಂದರೆ.

ಇನ್ನು ಪೆಥಾಲಜಿ. ಹೊಸ ಕೀಮೊ ಕೇಂದ್ರಗಳ ಹಣೆಬರಹ ನಿಜವಾಗಿ ನಿಂತಿರುವುದು ಇಲ್ಲಿ. ತೆಗೆದ ಕರುಳಿನ ಜೊತೆ ಬಂದ ಗ್ರಂಥಿಗಳಲ್ಲಿ ಕನಿಷ್ಠ 12ನ್ನು ಹುಡುಕಿ ಪರೀಕ್ಷಿಸಬೇಕು ಎನ್ನುವುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಐದೇ ಗ್ರಂಥಿ ನೋಡಿ ‘ಕ್ಯಾನ್ಸರ್ ಹರಡಿಲ್ಲ’ ಎಂದು ಬರೆದರೆ, ಹರಡಿಲ್ಲ ಅಂತಲೋ ಹುಡುಕಿಲ್ಲ ಅಂತಲೋ ಗೊತ್ತಾಗುವುದಿಲ್ಲ. ಕೀಮೊ ಬೇಕೇ ಬೇಡವೇ ಎಂಬುದು ಆ ಸಾಲಿನ ಮೇಲೆ ನಿಂತಿದೆ. ಎಷ್ಟು ತಿಂಗಳು ಎಂಬುದೂ ಅಷ್ಟೇ. 2018ರಲ್ಲಿ ಬಂದ ‘ಐಡಿಯಾ’ ಅಧ್ಯಯನದ ಪ್ರಕಾರ ಮೂರನೇ ಹಂತದಲ್ಲೂ ಅಪಾಯ ಕಡಿಮೆ ಇರುವವರಿಗೆ, ಅಂದರೆ ಗಡ್ಡೆ ಕರುಳಿನ ಗೋಡೆಯ ಹೊರಪೊರೆ ದಾಟದೆ ಮೂರಕ್ಕಿಂತ ಹೆಚ್ಚು ಗ್ರಂಥಿಗಳಿಗೆ ಹಬ್ಬದೆ ಇದ್ದರೆ, ಮೂರು ವಾರಕ್ಕೊಮ್ಮೆ ಕೊಡುವ ಔಷಧಿಯನ್ನು ಆರು ತಿಂಗಳ ಬದಲು ಮೂರು ತಿಂಗಳು ಕೊಟ್ಟರೂ ಸಾಕಾಗುತ್ತದೆ. ಎಂಟು ಡ್ರಿಪ್ ಬದಲು ನಾಲ್ಕು. ಕೈಕಾಲು ಜೋಮು ಹಿಡಿಯುವ ಅಡ್ಡಪರಿಣಾಮವೂ ಬಹಳ ಕಡಿಮೆ. ಹೊಲಿಗೆ ಕೆಲಸದ ಹೆಣ್ಣುಮಗಳಿಗೆ ಬೆರಳಿನ ಜೋಮು ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಈ ಲಾಭ ಸಿಗಬೇಕಾದರೆ ಸರ್ಜನ್ ಗ್ರಂಥಿಗಳನ್ನು ತೆಗೆದಿರಬೇಕು, ಪೆಥಾಲಜಿಯವರು ಕೂತು ಎಣಿಸಿರಬೇಕು, ವರದಿ ಬೇಗ ಬರಬೇಕು. ಆಪರೇಷನ್ ಆಗಿ ಎಂಟು ವಾರ ದಾಟಿದ ಮೇಲೆ ಶುರುವಾಗುವ ಕೀಮೊದ ಪ್ರಯೋಜನ ತಗ್ಗುತ್ತಾ ಹೋಗುತ್ತದೆ. ತುಂಡನ್ನು ಡಬ್ಬದಲ್ಲಿ ಹಾಕಿ ರೋಗಿಯ ಮಗನ ಕೈಗೆ ಕೊಟ್ಟು ‘ಹೊರಗೆ ಲ್ಯಾಬಿಗೆ ಕೊಟ್ಟು ಬಾ’ ಅನ್ನುವ ಪದ್ಧತಿಯಲ್ಲಿ ಇದೆಲ್ಲ ಆಗುವ ಮಾತೇ?

ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿ ಅಂತ ನಾನು ಹೇಳುತ್ತಿಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಿಗೆ ದೊಡ್ಡ ಕರುಳು-ಗುದನಾಳದ ಕ್ಯಾನ್ಸರ್ ಬಂತು, 9 ಲಕ್ಷ ಜನ ಸತ್ತರು. ಆದರೆ ನಮ್ಮಲ್ಲಿ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಬಹಳ ಕಡಿಮೆ. ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿಲ್ಲ. ಅದು ಸದ್ಯಕ್ಕೆ ಸರಿಯೇ. ಆದರೆ ತಪಾಸಣೆ ಬೇರೆ, ಲಕ್ಷಣ ಇದ್ದವರನ್ನು ನೋಡುವುದು ಬೇರೆ. ನಲವತ್ತೈದು ದಾಟಿದವರಿಗೆ ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ಹೊಸದಾಗಿ ಬಂದು ವಾರಗಟ್ಟಲೆ ನಿಲ್ಲದ ಮಲಬದ್ಧತೆ ಅಥವಾ ಭೇದಿ ಇದ್ದರೆ, ಪಿಎಚ್‌ಸಿ ವೈದ್ಯರು ನೇರವಾಗಿ ವೈದ್ಯಕೀಯ ಕಾಲೇಜಿನ ಕೊಲೊನೋಸ್ಕೋಪಿ ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಬೇಕು. ಓಪಿಡಿ ಚೀಟಿ, ಮತ್ತೆ ಬಾ, ಪ್ರೊಫೆಸರ್ ಬಂದಿಲ್ಲ, ಮುಂದಿನ ಬುಧವಾರ ಎಂಬ ಸುತ್ತು ಬೇಡ. ಕಿರಿಯರಲ್ಲೂ ಈ ಕಾಯಿಲೆ ನೋಡುತ್ತಿದ್ದೇವೆ, ಹಾಗಾಗಿ ವಯಸ್ಸನ್ನು ಗೋಡೆಯಾಗಿ ಮಾಡಿಕೊಳ್ಳಬಾರದು.

ಚಿಕಿತ್ಸೆಯನ್ನು ಒಬ್ಬರೇ ತೀರ್ಮಾನಿಸುವ ಬದಲು ಸರ್ಜನ್, ಕೀಮೊ ವೈದ್ಯರು, ರೇಡಿಯಾಲಜಿ, ಪೆಥಾಲಜಿಯವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ನೋಡುವುದನ್ನು ಟ್ಯೂಮರ್ ಬೋರ್ಡ್ ಅನ್ನುತ್ತಾರೆ. ಕ್ಯಾನ್ಸರ್ ತಜ್ಞರಿಲ್ಲದ ಕಾಲೇಜಿನಲ್ಲಿ ಇದು ಹೇಗೆ ಅಂತ ಕೇಳಬಹುದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತ 2012ರಲ್ಲಿ ಕಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನಲ್ಲಿ ಈಗ 300ಕ್ಕೂ ಹೆಚ್ಚು ಸಂಸ್ಥೆಗಳಿವೆ. ಅಲ್ಲಿ ವಿಡಿಯೋ ಮೂಲಕ ಬೋರ್ಡ್ ನಡೆಯುತ್ತದೆ, ಔಷಧಿಯನ್ನು ಒಟ್ಟಾಗಿ ಅಗ್ಗಕ್ಕೆ ಕೊಳ್ಳುವ ವ್ಯವಸ್ಥೆಯೂ ಇದೆ. ಕಿದ್ವಾಯಿ ತಜ್ಞರು ಪ್ರತಿ ಬುಧವಾರ ಒಂದು ಗಂಟೆ ಕ್ಯಾಮೆರಾ ಮುಂದೆ ಕೂತರೆ ಕಲಬುರಗಿ, ಬಳ್ಳಾರಿ, ಹುಬ್ಬಳ್ಳಿಯ ರೋಗಿಗಳ ಸ್ಕ್ಯಾನ್ ನೋಡಿ ‘ಇದನ್ನು ಅಲ್ಲೇ ಮಾಡಿ, ಇದನ್ನು ನಮಗೆ ಕಳಿಸಿ’ ಅಂತ ಹೇಳಬಹುದು. ರೋಗಿಗಿಂತ ಸಿ.ಡಿ. ಪ್ರಯಾಣ ಮಾಡುವುದು ಒಳ್ಳೆಯದಲ್ಲವೇ?

ದುಡ್ಡಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಭಾಗ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಸಣ್ಣ ಅಂಗಡಿ ಇಟ್ಟುಕೊಂಡು ಬಿಪಿಎಲ್ ಕಾರ್ಡ್ ಕಳೆದುಕೊಂಡವರ ಪಾಡು ಬೇರೆಯೇ ಬರೆಯಬೇಕಾದ ವಿಷಯ. ಪ್ಯಾಕೇಜ್ ದುಡ್ಡು ಆಪರೇಷನ್ ಎಂಬ ಕ್ರಿಯೆಗೆ ಬರುತ್ತದೆ. 12 ಗ್ರಂಥಿ ಎಣಿಸಿದ್ದಕ್ಕೆ, ಬೋರ್ಡ್‌ನಲ್ಲಿ ಚರ್ಚಿಸಿದ್ದಕ್ಕೆ ಬರುವುದಿಲ್ಲ. ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹಣ ಬಿಡುವಾಗ ಆ ಎರಡು ಕಾಗದ ಕೇಳಿದರೆ, ಒಂದೇ ವರ್ಷದಲ್ಲಿ ಖಾಸಗಿಯವರೂ ಸರ್ಕಾರಿಯವರೂ ದಾರಿಗೆ ಬರುತ್ತಾರೆ.

ಹೊಟ್ಟೆಗೆ ಚೀಲ ಕಟ್ಟಿಸಿಕೊಂಡವರ ಮಾತು ಮರೆಯಬಾರದು. ತಾತ್ಕಾಲಿಕ ಚೀಲವನ್ನು ಕೆಲವು ತಿಂಗಳ ನಂತರ ಮತ್ತೊಂದು ಆಪರೇಷನ್ ಮಾಡಿ ತೆಗೆಯಬಹುದು. ಆದರೆ ಅದು ತುರ್ತಲ್ಲ ಅಂತ ಓಟಿ ಪಟ್ಟಿಯಲ್ಲಿ ಸದಾ ಕೆಳಗೆ ಹೋಗುತ್ತದೆ. ಪ್ರತಿ ವಾರ ಎಮರ್ಜೆನ್ಸಿ ಒಂದಲ್ಲ ಒಂದು ಬರುತ್ತದೆ. ಮೂರು ತಿಂಗಳು ಅಂತ ಹೇಳಿಸಿಕೊಂಡು ಎರಡು ವರ್ಷ ಚೀಲದಲ್ಲೇ ಬದುಕಿದವರನ್ನು ನಾನು ಬಲ್ಲೆ. ಚೀಲ ಮುಗಿದಾಗ ಹಾಲಿನ ಪ್ಯಾಕೆಟ್ ತೊಳೆದು ಬಟ್ಟೆ ಸುತ್ತಿ ಕಟ್ಟಿಕೊಂಡವರನ್ನೂ. ಅವರು ಮದುವೆಗೆ ಹೋಗುವುದಿಲ್ಲ, ಬಸ್ ಹತ್ತುವುದಿಲ್ಲ, ಕೂಲಿಗೆ ಯಾರೂ ಕರೆಯುವುದಿಲ್ಲ. ಕ್ಯಾನ್ಸರ್ ಲೆಕ್ಕದಲ್ಲಿ ಅವರು ‘ಗುಣಮುಖ’.

ಈಗಿನ ಮುಖ್ಯ ಅಡ್ಡಿ ಖಜಾನೆಯೂ ಅಲ್ಲ, ಕೌಶಲ್ಯವೂ ಅಲ್ಲ. ಜಿಲ್ಲಾ ಆಸ್ಪತ್ರೆಗಳು, ಹೊಸ ಕೀಮೊ ಕೇಂದ್ರಗಳು ಆರೋಗ್ಯ ಇಲಾಖೆಯವು. ವೈದ್ಯಕೀಯ ಕಾಲೇಜುಗಳು, ಕಿದ್ವಾಯಿ ವೈದ್ಯಕೀಯ ಶಿಕ್ಷಣ ಇಲಾಖೆಯವು. ಇಬ್ಬರು ಮಂತ್ರಿ, ಇಬ್ಬರು ಕಾರ್ಯದರ್ಶಿ, ಎರಡು ಸಾಫ್ಟ್‌ವೇರ್. ರೋಗಿಯ ಕರುಳು ಮಾತ್ರ ಒಂದೇ. ಆಪರೇಷನ್ ಆದ ಕಾಲೇಜಿನಿಂದ ಕೀಮೊ ಕೇಂದ್ರಕ್ಕೆ ಇವತ್ತು ಮಾಹಿತಿ ಹೋಗುವುದು ರೋಗಿ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡ ಕಾಗದದ ಮೂಲಕ.

ಹೊಸ ಕಟ್ಟಡ ಕೇಳುವ ಮುಂಚೆ ಒಂದು ಕೆಲಸ ಮಾಡಬಹುದು. ಆ 16 ಕೇಂದ್ರಗಳ ರಿಜಿಸ್ಟರಿನಲ್ಲಿ, ಕರುಳಿನ ಕ್ಯಾನ್ಸರ್ ರೋಗಿಯ ಹೆಸರಿನ ಮುಂದೆ ಐದು ಕಾಲಂ ಹೆಚ್ಚಿಗೆ ಹಾಕಲಿ: ಮೊದಲ ಬಾರಿ ವೈದ್ಯರಿಗೆ ತೋರಿಸಿದ ದಿನ, ಕೊಲೊನೋಸ್ಕೋಪಿ ಆದ ದಿನ, ಆಪರೇಷನ್ ಎಲ್ಲಿ ಮತ್ತು ತುರ್ತೋ ಅಲ್ಲವೋ, ಎಣಿಸಿದ ಗ್ರಂಥಿಗಳ ಸಂಖ್ಯೆ, ಮೊದಲ ಡ್ರಿಪ್ ಹಾಕಿದ ದಿನ. ಒಂದು ವರ್ಷದ ಆ ಪುಟಗಳನ್ನು ಆಸ್ಪತ್ರೆವಾರು ವಿಧಾನಸಭೆಯಲ್ಲಿ ಮಂಡಿಸಲಿ. ಕೇಳುವ ಶಾಸಕರಿದ್ದರೆ ಮುಂದಿನ ಅಧಿವೇಶನದಲ್ಲೇ ಕೇಳಬಹುದಾದ ಪ್ರಶ್ನೆ ಇದು.